ಏರಬೇಕಾದ್ದು ಕಾರು, ಅಮ್ಮ ಅಲ್ಲ

ಮೊಣಕಾಲಿನ ಆಪರೇಷನ್ ಆದಮೇಲೆ ಡಾಕ್ಟರು ಅಮ್ಮನಿಗೆ ದಿನಾ ನಡೆಯಲು ಹೇಳಿದರು. ಮಲ್ಲೇಶ್ವರದಲ್ಲಿ ನಲವತ್ತು ವರ್ಷ ನಡೆದೇ ಓಡಾಡಿದವರು ಅಮ್ಮ. ವಾಕರ್ ಹಿಡಿದು ಗೇಟಿನಿಂದ ಹೊರಗೆ ಬಂದವರೇ ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿದರು. ಹಿಂದಿನಿಂದ ಆಟೋ ಹಾರ್ನ್ ಹೊಡೆಯುತ್ತಿತ್ತು. ನಾನು ಗಾಬರಿಯಿಂದ ಕೈ ಹಿಡಿದೆ.

"ಅಲ್ಲಿ ಹತ್ತೋದು ಇಳಿಯೋದೇ ಆಯ್ತಲ್ಲೋ. ರಸ್ತೆ ಸಮ ಇದೆ" ಎಂದರು ಅಮ್ಮ.

ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್. ಕೆಲಸ ಮಾಡಿದ್ದೆಲ್ಲ ಕಟ್ಟಡಗಳಲ್ಲಿ. ನಮ್ಮ ಕ್ರಾಸಿನ ಫುಟ್‌ಪಾತ್ ಸರಿಯಿಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಅಗಲ ಸಾಲದು, ಅದೇ ತೊಂದರೆ ಅಂದುಕೊಂಡಿದ್ದೆ. ಮರುದಿನ ಬೆಳಿಗ್ಗೆ ಟೇಪ್ ಹಿಡಿದು ಅಳೆದೆ. ನಡೆಯುವವರ ಸೌಲಭ್ಯಕ್ಕೆಂದೇ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಒಂದು ಮಾರ್ಗಸೂಚಿ ತಂದಿದೆ. ಐಆರ್‌ಸಿ 103 ಅಂತ ಅದರ ಹೆಸರು. ನಡೆಯುವ ಜಾಗ ಕನಿಷ್ಠ 1.8 ಮೀಟರ್ ಅಗಲ, 2.2 ಮೀಟರ್ ಎತ್ತರ ಖಾಲಿ ಇರಬೇಕು ಎನ್ನುತ್ತದೆ ಅದು. ನಮ್ಮ ಕ್ರಾಸಿನಲ್ಲಿ ಬಹುಪಾಲು ಕಡೆ 1.8 ಮೀಟರ್ ಇತ್ತು! ಜಾಗಕ್ಕೆ ಕೊರತೆ ಇರಲಿಲ್ಲ. ಪ್ರತಿ ಮನೆಯ ಗೇಟಿನ ಮುಂದೆ ಫುಟ್‌ಪಾತ್ ಕಡಿದು ಕಾರಿಗೆ ಇಳಿಜಾರು ಮಾಡಿದ್ದರು. ನಮ್ಮ ಮನೆಯಿಂದ ಮೂಲೆಯವರೆಗೆ ಹೋಗುವಷ್ಟರಲ್ಲಿ ಹದಿನಾಲ್ಕು ಸಲ ಹತ್ತಿ ಇಳಿಯಬೇಕಿತ್ತು. ಮೊಣಕಾಲು ನೋವಿದ್ದವರು ಅದನ್ನು ಯಾಕೆ ಹತ್ತುತ್ತಾರೆ, ಹೇಳಿ?

ಅವತ್ತಿನಿಂದ ನಾನು ಒಬ್ಬನೇ ಅಳೆಯುವುದನ್ನು ಬಿಟ್ಟೆ. ಭಾನುವಾರ ಬೆಳಿಗ್ಗೆ ಒಂದು ಸಲ, ವಾರದ ಸಂಜೆ ಆರು ಗಂಟೆಗೆ ಒಂದು ಸಲ, ಯಾರಾದರೂ ಒಬ್ಬರ ಜೊತೆ ನಡೆದೆ. ಕೈಯಲ್ಲಿ ಸೀಮೆಸುಣ್ಣ, ಟೇಪ್, ಒಂದು ನೋಟ್‌ಬುಕ್. ಅವರು ಎಲ್ಲಿ ನಿಂತರೋ, ಎಲ್ಲಿ ರಸ್ತೆಗೆ ಇಳಿದರೋ ಅಲ್ಲಿ ನೆಲದ ಮೇಲೆ ನಂಬರ್ ಬರೆದು ಫೋಟೊ ತೆಗೆಯುತ್ತಿದ್ದೆ. ಬಿಳಿ ಕೋಲು ಹಿಡಿದು ನಡೆಯುವ ಗೆಳೆಯರೊಬ್ಬರು ಬಂದರು. ಕೋಲು ನೆಲದ ಮೇಲಿನ ಕಲ್ಲು, ಗುಂಡಿ ಎಲ್ಲ ತಿಳಿಸುತ್ತದೆ. ಹಣೆಯ ಎತ್ತರಕ್ಕೆ ಚಾಚಿಕೊಂಡ ಅಂಗಡಿ ಬೋರ್ಡು, ಕೆಳಗೆ ಬಾಗಿದ ಕೊಂಬೆ ಅದಕ್ಕೆ ಸಿಗುವುದೇ ಇಲ್ಲ. ಆ 2.2 ಮೀಟರ್ ಎತ್ತರ ಯಾಕೆ ಬೇಕು ಎಂದು ನನಗೆ ಅರ್ಥವಾದದ್ದು ಅವರ ಹಣೆಯ ಮೇಲಿನ ಹಳೆಯ ಗಾಯದ ಗುರುತು ನೋಡಿ.

ಎಂಟನೇ ಕ್ರಾಸಿನ ಸಂತೆಯ ಕಡೆಗೆ ಹೋದಾಗ ಇನ್ನೊಂದು ಪಾಠ ಆಯಿತು. ನಾನು ಟೇಪ್ ಬಿಚ್ಚಿದ್ದೇ ತಡ, ಹೂ ಮಾರುವ ಅಮ್ಮ ಬುಟ್ಟಿ ಹತ್ತಿರ ಎಳೆದುಕೊಂಡರು. "ಏನ್ ಸ್ವಾಮಿ, ನಮ್ಮನ್ನ ಎಬ್ಬಿಸೋಕೆ ಅಳತೆ ಮಾಡ್ತಾ ಇದೀರಾ?" ಎಂದು ಕೇಳಿದರು. ನಂಗೆ ನಾಚಿಕೆಯಾಯಿತು. ಬೀದಿ ವ್ಯಾಪಾರಿಗಳ ಜೀವನೋಪಾಯ ಕಾಪಾಡಲು 2014ರಲ್ಲೇ ಕಾನೂನು ಬಂದಿದೆ. ಆದರೂ ಅಳತೆ ಎಂದರೆ ಅವರಿಗೆ ಎತ್ತಂಗಡಿ ಎಂದೇ ಅರ್ಥ. ಟೇಪ್ ಮಡಚಿಟ್ಟು ಅವರ ಪಕ್ಕ ಕೂತೆ. ಒಂದು ಗಂಟೆ ಕೂತು ನೋಡಿದರೆ ಗೊತ್ತಾಗುತ್ತದೆ. ಜನ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಬೇಗ ದಾಟುತ್ತಾರೆ, ಮಕ್ಕಳ ಕೈ ಎಲ್ಲಿ ಗಟ್ಟಿಯಾಗಿ ಹಿಡಿಯುತ್ತಾರೆ, ಇದೆಲ್ಲ ಅವರಿಗೆ ಬಾಯಿಪಾಠ. ಅವರ ಬುಟ್ಟಿ ಮರದ ಬುಡಕ್ಕೆ ಒತ್ತಿಕೊಂಡಿತ್ತು, ದಾರಿಗೆ ಅಡ್ಡವೇ ಇರಲಿಲ್ಲ. ಅಡ್ಡ ಇದ್ದದ್ದು ಸಾಲಾಗಿ ನಿಲ್ಲಿಸಿದ ಬೈಕುಗಳು. ಸಂಜೆ ಹೊತ್ತು ಆ ಫುಟ್‌ಪಾತ್ ಸುರಕ್ಷಿತ ಅನ್ನಿಸುವುದು ಇಂಥವರು ಅಲ್ಲಿ ಕೂತಿರುತ್ತಾರೆ ಎಂದೇ. ನಮ್ಮ ಪಟ್ಟಿಯಲ್ಲಿ ಅವರ ಜಾಗವನ್ನು ಅಡಚಣೆ ಎಂದು ಬರೆಯಲಿಲ್ಲ, ವ್ಯಾಪಾರದ ಜಾಗ ಎಂದೇ ಬರೆದೆವು.

ಈಗ ಗೇಟುಗಳ ವಿಷಯಕ್ಕೆ ಬರುತ್ತೇನೆ. ಫುಟ್‌ಪಾತ್ ಎತ್ತರ 15 ಸೆಂಟಿಮೀಟರ್ ಮೀರಬಾರದು ಎನ್ನುತ್ತದೆ ಮಾರ್ಗಸೂಚಿ. ಗಾಲಿಕುರ್ಚಿ ಹತ್ತಬೇಕಾದರೆ ಇಳಿಜಾರು ಹನ್ನೆರಡಕ್ಕೆ ಒಂದು ಇರಬೇಕು. ಅಂದರೆ 15 ಸೆಂಟಿಮೀಟರ್ ಇಳಿಸಲು 1.8 ಮೀಟರ್ ಉದ್ದ ಬೇಕು. ಒಂದು ಗೇಟಿಗೆ ಆ ಕಡೆ 1.8, ಈ ಕಡೆ 1.8. ಹತ್ತಿರ ಹತ್ತಿರ ಗೇಟು ಇರುವ ಕ್ರಾಸಿನಲ್ಲಿ ಸಮತಟ್ಟು ಜಾಗವೇ ಉಳಿಯುವುದಿಲ್ಲ. ಹಾಗಾದರೆ ದಾರಿ ಒಂದೇ. ಫುಟ್‌ಪಾತ್ ಕಡಿಯದೆ ಸಮವಾಗಿ ಓಡಬೇಕು, ಗೇಟಿನ ಹತ್ತಿರ ಕಾರು ಅದನ್ನು ಹತ್ತಿ ದಾಟಬೇಕು. ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಯಲ್ಲಿ ಟೆಂಡರ್‌ಶ್ಯೂರ್ ಎಂಬ ರಸ್ತೆ ಮರುನಿರ್ಮಾಣ ಯೋಜನೆಯ ಕೆಲಸದಲ್ಲಿ ಇದನ್ನೇ ಮಾಡಿದ್ದಾರೆ. ಅಲ್ಲಿ ಒಮ್ಮೆ ನಡೆದು ನೋಡಿ, ಕಾಲಿಗೇ ತಿಳಿಯುತ್ತದೆ.

ನಮ್ಮ ಕ್ರಾಸಿನವರು ಸುಲಭಕ್ಕೆ ಒಪ್ಪಲಿಲ್ಲ. "ಕಾರಿನ ತಳ ಉಜ್ಜುತ್ತೆ ಸಾರ್" ಎಂದರು ಮೂರು ಮನೆಯವರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. 15 ಸೆಂಟಿಮೀಟರ್ ಏರಲು ರಸ್ತೆ ಬದಿಯಲ್ಲಿ 60 ಸೆಂಟಿಮೀಟರ್ ಜಾಗ ಅಷ್ಟೇ ಇತ್ತು, ಬಹಳ ಕಡಿದಾದ ಏರು. ಹಾಗಾಗಿ ಇಡೀ ಫುಟ್‌ಪಾತನ್ನೇ 10 ಸೆಂಟಿಮೀಟರಿಗೆ ಇಳಿಸೋಣ ಎಂದುಕೊಂಡೆ. ಕಾಗದದ ಮೇಲೆ ಬರೆದು ತೋರಿಸಿದರೆ ಯಾರೂ ನಂಬಲಿಲ್ಲ. ಕೊನೆಗೆ ಇಟ್ಟಿಗೆ ಜೋಡಿಸಿ, ಮೇಲೆ ದಪ್ಪ ಪ್ಲೈವುಡ್ ಹಲಗೆ ಹಾಕಿ, ಅದೇ ಇಳಿಜಾರು ಮಾಡಿದೆ. ಎದುರು ಮನೆಯವರು ತಮ್ಮ ಕಾರನ್ನು ನಿಧಾನಕ್ಕೆ ಹತ್ತಿಸಿದರು. ಉಜ್ಜಲಿಲ್ಲ. ಮುಂದಿನ ಶನಿವಾರ ಇನ್ನಿಬ್ಬರು ತಾವಾಗಿಯೇ ಬಂದು ಹತ್ತಿಸಿ ನೋಡಿದರು. ಎರಡು ತಿಂಗಳು ಮಾತಾಡಿ ಆಗದ ಕೆಲಸ ಒಂದು ಹಲಗೆಯಿಂದ ಆಯಿತು.

ವಾರ್ಡ್ ಎಂಜಿನಿಯರ್ ಸಾಹೇಬರ ಚಿಂತೆ ಬೇರೆ. ಫುಟ್‌ಪಾತ್ ಇಳಿಸಿದರೆ ಮಳೆ ನೀರು ಮನೆಗೆ ನುಗ್ಗಿದರೆ? ಒಳ್ಳೆಯ ಪ್ರಶ್ನೆ. ಮೇ ತಿಂಗಳ ಜೋರು ಮಳೆಯಲ್ಲಿ ಛತ್ರಿ ಹಿಡಿದು ನಿಂತು ನೀರು ಎಲ್ಲಿವರೆಗೆ ಏರುತ್ತದೆ ನೋಡಿದೆ. ಎರಡು ಕಡೆ ಮೋರಿಯ ಬಾಯಿ ಕಸದಿಂದ ಕಟ್ಟಿತ್ತು, ಅಲ್ಲಿ ಮಾತ್ರ ನೀರು ನಿಂತಿತ್ತು. ಮೊದಲು ಅದನ್ನು ತೆಗೆಸಿದೆವು. ಫುಟ್‌ಪಾತಿಗೆ ಒಂದು ಮೀಟರಿಗೆ 2 ಸೆಂಟಿಮೀಟರಿನಂತೆ ರಸ್ತೆ ಕಡೆಗೆ ವಾಟ ಕೊಡುವುದು ಎಂದು ಒಪ್ಪಿಕೊಂಡೆವು. ಅದಕ್ಕಿಂತ ಜಾಸ್ತಿ ಕೊಟ್ಟರೆ ವಾಕರ್ ರಸ್ತೆ ಕಡೆಗೆ ಎಳೆಯುತ್ತದೆ.

ಕಚೇರಿಯ ಓಡಾಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದಮೇಲೆ ಜನ ನೇರವಾಗಿ ವಾರ್ಡ್ ಎಂಜಿನಿಯರ್ ಹತ್ತಿರವೇ ಹೋಗಬೇಕಾಯಿತು. ಕಲಿತದ್ದು ಇಷ್ಟು: ಕೆಲಸ ಶುರುವಾದಮೇಲೆ ಹೋಗಿ ಪ್ರಯೋಜನ ಇಲ್ಲ. ಎಸ್ಟಿಮೇಟ್ ಬರೆಯುವ ಮುಂಚೆ ಹೋಗಬೇಕು. ಟೆಂಡರ್ ಆದಮೇಲೆ ಒಂದು ಕಲ್ಲು ಕದಲಿಸಲೂ ಕಷ್ಟ. ನಾವು ಹದಿನಾಲ್ಕು ಫೋಟೊ, ಒಂದೊಂದಕ್ಕೂ ನಂಬರ್, ಕೆಳಗೆ ಎರಡು ಸಾಲು, ಜೊತೆಗೆ ಒಂದೇ ಹಾಳೆಯ ಡ್ರಾಯಿಂಗ್ ಕೊಟ್ಟೆವು. "ಫುಟ್‌ಪಾತ್ ಸರಿ ಮಾಡಿ" ಎಂದು ಬರೆಯಲಿಲ್ಲ. "ಏಳನೇ ನಂಬರಿನ ಚಪ್ಪಡಿ 10 ಸೆಂಟಿಮೀಟರಿಗೆ ಇಳಿಸಿ" ಎಂದು ಬರೆದೆವು.

ಕ್ರಾಸಿನ ಒಂದು ಬದಿ ಮಾತ್ರ ಆಯಿತು. ಆದ ಎರಡೇ ತಿಂಗಳಿಗೆ ಯಾವುದೋ ಕೇಬಲ್ ಹಾಕಲು ಬಂದು ಮೂರು ಕಡೆ ಅಗೆದರು. ಮಣ್ಣು ಮುಚ್ಚಿ, ಚಪ್ಪಡಿ ಓರೆಯಾಗಿಟ್ಟು ಹೋದರು. ಆ ದಿನ ನನಗೆ ಅಳುವೇ ಬಂತು. ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಕೇಬಲ್ಲಿಗೆ ಮೊದಲೇ ನೆಲದಡಿ ಕೊಳವೆ ಹಾಕಿರುತ್ತಾರೆ, ಮತ್ತೆ ಅಗೆಯುವ ಗೋಜಿಲ್ಲ. ನಮ್ಮಲ್ಲಿ ಅದಿಲ್ಲ. ನಮ್ಮ ಮೇಸ್ತ್ರಿಯೇ ಬಂದು, ಮಣ್ಣು ಗಟ್ಟಿ ಮಾಡಿ, ಚಪ್ಪಡಿ ಮತ್ತೆ ಕೂರಿಸಿಕೊಟ್ಟರು.

ಇನ್ನೂ ಆಗದೆ ಉಳಿದದ್ದು ಸಂಪಿಗೆ ರಸ್ತೆ ದಾಟುವುದು. ಒನ್ ವೇ ಆದದ್ದರಿಂದ ಗಾಡಿಗಳು ಜೋರಾಗಿ ಬರುತ್ತವೆ. ದಾಟುವ ಸಮಯವನ್ನು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ನಡಿಗೆಯ ಲೆಕ್ಕದಲ್ಲಿ ಹಾಕುತ್ತಾರೆ. ಆ ಲೆಕ್ಕಕ್ಕೆ ಎಂಟು ಸೆಕೆಂಡಿನಲ್ಲಿ ದಾಟುವ ದೂರಕ್ಕೆ ಅಮ್ಮನಿಗೆ ಹತ್ತೊಂಬತ್ತು ಸೆಕೆಂಡ್ ಬೇಕಾಯಿತು, ಎರಡು ಸಲ ಅಳೆದಿದ್ದೇನೆ. ಮೂಲೆಯಿಂದ ಆಚೆ ಒಬ್ಬರೇ ಹೋಗಬೇಡಿ ಎಂದು ಈಗಲೂ ಹೇಳಬೇಕಾಗಿದೆ. ದೇವಸ್ಥಾನಕ್ಕೆ ನಾನೇ ಜೊತೆಗೆ ಹೋಗುತ್ತೇನೆ.

ಮೂಲೆಯವರೆಗೆ ಮಾತ್ರ ಅವರು ಒಬ್ಬರೇ ಹೋಗಿ ಹಾಲು ತರುತ್ತಾರೆ, ಫುಟ್‌ಪಾತ್ ಮೇಲೆಯೇ. ಇನ್ನೊಂದು ಬದಿಯ ಎಸ್ಟಿಮೇಟ್ ಈ ವರ್ಷ ಬರೆಯುತ್ತಾರಂತೆ. ಪ್ಲೈವುಡ್ ಹಲಗೆ ಮೆಟ್ಟಿಲ ಕೆಳಗೆ ಇಟ್ಟಿದ್ದೇನೆ. ಆ ಬದಿಯಲ್ಲಿ ಒಂಬತ್ತು ಗೇಟುಗಳಿವೆ.