ಎಸ್‌ಎಲ್‌ಆರ್ ಬಿಟ್ಟು ರೇಂಜ್‌ಫೈಂಡರ್ ಹಿಡಿದಾಗ

ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಕೈ ಪಳಗಿದವರು, ದೂರ ಅಳೆದು ಫೋಕಸ್ ಮಾಡುವ ರೇಂಜ್‌ಫೈಂಡರ್ ಕ್ಯಾಮೆರಾ ಹಿಡಿದ ಮೊದಲ ದಿನ ಕೇಳುವುದು ಒಂದೇ ಪ್ರಶ್ನೆ: ‘ಇದರಲ್ಲಿ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತದಲ್ಲ, ಫೋಕಸ್ ಆಗಿದೆಯೋ ಇಲ್ಲವೋ ತಿಳಿಯುವುದು ಹೇಗೆ?’ ಎಸ್‌ಎಲ್‌ಆರ್‌ನಲ್ಲಿ ಲೆನ್ಸ್‌ಗೆ ಕಂಡದ್ದನ್ನೇ ಕನ್ನಡಿ ನಮಗೂ ತೋರಿಸುತ್ತದೆ. ಇಲ್ಲಿ ಆ ಕನ್ನಡಿಯೇ ಇಲ್ಲ. ನಾವು ನೋಡುವುದು ಲೆನ್ಸ್‌ಗಿಂತ ಮೇಲಿರುವ ಬೇರೆಯೇ ಕಿಟಕಿಯಿಂದ. ಹಾಗಾಗಿ ಇಲ್ಲಿ ಮುಖ್ಯವಾಗಿ ಕಲಿಯಬೇಕಾದ್ದು ದೂರ ಅಳೆಯುವುದನ್ನು.

ಮೊದಲು ಫಿಲ್ಮ್ ಹಾಕದೆ ಮನೆಯಲ್ಲೇ ಕೂತು ಅಭ್ಯಾಸ ಮಾಡಿ. ಕ್ಯಾಮೆರಾದ ಕಿಟಕಿಯ ನಡುವೆ ಮಸುಕಾದ ಒಂದು ಚಿಕ್ಕ ಚೌಕ ಕಾಣುತ್ತದೆ. ಅದರೊಳಗೆ ಎಲ್ಲವೂ ಎರಡೆರಡಾಗಿ ಇರುತ್ತದೆ. ಫೋಕಸ್ ರಿಂಗ್ ತಿರುಗಿಸುತ್ತಾ ಹೋದರೆ ಎರಡೂ ಬಿಂಬ ಒಂದರ ಮೇಲೊಂದು ಕೂರುತ್ತವೆ, ಅದೇ ಫೋಕಸ್. ಹಂಚಿನ ಮಾಡಿನ ಅಂಚಿನ ಮೇಲೆ ಪ್ರಯತ್ನಿಸಿದರೆ ಏನೂ ಗೊತ್ತಾಗುವುದಿಲ್ಲ, ಏಕೆಂದರೆ ಬಿಂಬ ಸರಿಯುವುದು ಅಡ್ಡಡ್ಡ. ಜಗಲಿಯ ಕಂಬ, ತೆಂಗಿನ ಮರ, ಕಿಟಕಿಯ ಸರಳು ಹೀಗೆ ನೆಟ್ಟಗಿರುವ ಗೆರೆ ಹುಡುಕಿ. ಸಿಗದಿದ್ದರೆ ಕ್ಯಾಮೆರಾವನ್ನೇ ಉದ್ದಕ್ಕೆ ತಿರುಗಿಸಿ ಫೋಕಸ್ ಮಾಡಿ.

ಕೈಗೆ ರೂಢಿಯಾದ ಮೇಲೆ ಉಡುಪಿಯ ರಥಬೀದಿಗೆ ಹೋಗಿ. ಕಣ್ಣಳತೆಯಲ್ಲೇ ದೂರ ಹೇಳಿ, ಆಮೇಲೆ ಚೌಕದಲ್ಲಿ ಸರಿನೋಡಿ. 1966ರಲ್ಲಿ ಬಂದ ರೇಂಜ್‌ಫೈಂಡರ್ ಯಾಶಿಕಾ ಎಲೆಕ್ಟ್ರೋ 35ರ ಲೆನ್ಸ್ 45 ಮಿ.ಮೀ.ನದು. ಅಪರ್ಚರ್ (ಲೆನ್ಸ್‌ನಲ್ಲಿ ಬೆಳಕು ಬಿಡುವ ರಂಧ್ರ) 8ಕ್ಕೆ, ಫೋಕಸ್ 3 ಮೀಟರಿಗೆ ಇಟ್ಟರೆ ಸುಮಾರು 2.2ರಿಂದ 4.6 ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಹಗಲಲ್ಲಿ ಇಷ್ಟು ಸಾಕು. ರಿಂಗ್ ಮುಟ್ಟುವ ಅಗತ್ಯವೇ ಬರುವುದಿಲ್ಲ. ಎರಡೂ ಕಣ್ಣು ತೆರೆದಿಡಿ. ಚೌಕಟ್ಟಿನ ಗೆರೆಯ ಆಚೆಗೂ ನೋಟ ಇರುವುದರಿಂದ, ಮಲ್ಲಿಗೆ ಬುಟ್ಟಿ ಹಿಡಿದು ಬರುವವರು ಒಳಗೆ ಬರುವ ಮೊದಲೇ ಕಾಣುತ್ತಾರೆ. ಈ ಕ್ಯಾಮೆರಾ ನನಗೆ ಇಷ್ಟವಾಗಿದ್ದೇ ಇದಕ್ಕೆ.

ಕಿಟಕಿ ಲೆನ್ಸ್‌ಗಿಂತ ಮೇಲಿರುವುದರಿಂದ, ತೀರಾ ಹತ್ತಿರದಿಂದ ತೆಗೆದರೆ ಚಿತ್ರದಲ್ಲಿ ತಲೆ ಕತ್ತರಿಸಿಹೋಗಬಹುದು. ಕೆಲವು ಕ್ಯಾಮೆರಾಗಳಲ್ಲಿ ಚೌಕಟ್ಟಿನ ಗೆರೆ ತಾನೇ ಸರಿದುಕೊಳ್ಳುತ್ತದೆ. ಇಲ್ಲದಿದ್ದರೆ ಸ್ವಲ್ಪ ಮೇಲಕ್ಕೆ ಗುರಿಯಿಡಿ.

ಲೆನ್ಸ್ ಕ್ಯಾಪ್ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ. ಒಮ್ಮೆ ಮಲ್ಪೆ ಬಂದರಿನಲ್ಲಿ ಬೆಳಗ್ಗೆ ಬೋಟುಗಳಿಂದ ಬಂಗುಡೆ ಇಳಿಸುವುದನ್ನು 36 ಫ್ರೇಮ್ ತೆಗೆದಿದ್ದೆ. ತೊಳೆಸಿದಾಗ ಬಂದದ್ದು ಗಾಜಿನಂಥ ಖಾಲಿ ಪಟ್ಟಿ. ಕ್ಯಾಪ್ ಹಾಕಿಯೇ ಇತ್ತು, ಕಿಟಕಿಯಲ್ಲಿ ಅದು ಗೊತ್ತೇ ಆಗಿರಲಿಲ್ಲ. ಆ ಬೆಳಗ್ಗೆ ಹೋದದ್ದು ಹೋಯಿತು, ಈಗಲೂ ಬೇಸರವಿದೆ. ಕ್ಯಾಪ್ ಬದಲು ಒಂದು ಯುವಿ ಫಿಲ್ಟರ್ (ಪಾರದರ್ಶಕ ಗಾಜು) ಹಾಕಿದರಾಯಿತು.

ಆದರೆ ಸೂರ್ಯನ ವಿಷಯದಲ್ಲಿ ಎಚ್ಚರ. ಹಳೆಯ ಲೈಕಾ, ಜೋರ್ಕಿ ಕ್ಯಾಮೆರಾಗಳ ಶಟರ್ ಬಟ್ಟೆಯ ಪರದೆ. ಅಡ್ಡಕ್ಕೆ ಕನ್ನಡಿ ಇಲ್ಲ ಅಲ್ವಾ, ಲೆನ್ಸ್ ಬಿಸಿಲನ್ನು ಭೂತಗನ್ನಡಿಯಂತೆ ನೇರ ಬಟ್ಟೆಯ ಮೇಲೆ ಕೂಡಿಸಿ ತೂತು ಮಾಡಿಬಿಡಬಹುದು. ಪಣಂಬೂರಿನಲ್ಲೋ ಕಾಪುವಿನಲ್ಲೋ ಸಂಜೆ ಕಡಲಿಗೆ ಮುಖ ಮಾಡಿ ನಿಂತಾಗ ಕ್ಯಾಮೆರಾವನ್ನು ಕುತ್ತಿಗೆಯಲ್ಲಿ ಸುಮ್ನೆ ನೇತುಬಿಡಬೇಡಿ. ಲೆನ್ಸ್‌ಗೆ ಅಂಗೈ ಅಡ್ಡ ಇರಲಿ. ಯಾಶಿಕಾದಂಥ ಲೀಫ್ ಶಟರ್‌ನವಕ್ಕೆ (ಬಟ್ಟೆಯ ಬದಲು ಲೋಹದ ತೆಳು ಎಲೆಗಳಿರುವವಕ್ಕೆ) ಈ ತೊಂದರೆ ಇಲ್ಲ.

ನಮ್ಮ ಮಳೆಗಾಲದಲ್ಲಿ ಲೆನ್ಸ್‌ಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿಡಿ.

ಇಷ್ಟು ಕಲಿತ ಮೇಲೆ ಯಕ್ಷಗಾನದ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ ಹೋಗಿ. ಮೇಳದವರನ್ನು ಕೇಳಿಕೊಂಡೇ ಹೋಗಿ, ಫ್ಲ್ಯಾಶ್ ಬೇಡ. ಎಸ್‌ಎಲ್‌ಆರ್‌ನಂತೆ ಒಳಗಿನ ಕನ್ನಡಿ ಮೇಲೇಳುವ ಹೊಡೆತ ಇಲ್ಲದ್ದರಿಂದ ಉಸಿರು ಹಿಡಿದು 1/15 ಸೆಕೆಂಡಿನಲ್ಲೂ ತೆಗೆಯಬಹುದು. ವೇಷಧಾರಿ ಕೈಗನ್ನಡಿಯಲ್ಲಿ ಮುಖ ನೋಡುತ್ತಾ ಬಣ್ಣ ಬರೆಯುತ್ತಿದ್ದಾರೆ ಅಂದುಕೊಳ್ಳಿ. ಚಿತ್ರಕ್ಕೆ ಬೇಕಾದ್ದು ಕನ್ನಡಿಯೊಳಗಿನ ಮುಖವಾದರೆ ಚೌಕವನ್ನು ಆ ಬಿಂಬದ ಮೇಲೆಯೇ ಇಡಿ, ಕನ್ನಡಿಯ ಅಂಚಿನ ಮೇಲಲ್ಲ. ನಿಮ್ಮಿಂದ ಕನ್ನಡಿಗೆ ಇರುವ ದೂರಕ್ಕೆ ಕನ್ನಡಿಯಿಂದ ಮುಖಕ್ಕೆ ಇರುವ ದೂರವೂ ಸೇರಬೇಕು. ಹಣೆಯ ನಾಮದ ನೆಟ್ಟಗಿನ ಗೆರೆ ಎರಡಿದ್ದದ್ದು ಒಂದಾಗುತ್ತದೆ. ಆಗ ಒತ್ತಿ. ಸಣ್ಣದೊಂದು ಟಿಕ್ ಅಷ್ಟೆ, ಬಣ್ಣದ ಕಡ್ಡಿ ಹಿಡಿದ ಕೈ ನಿಲ್ಲುವುದೂ ಇಲ್ಲ.