ಒಂದು ಗ್ರಾಫಿಕ್ಸ್ ಕಾರ್ಡ್, ಎರಡು ಕೆಲಸ: ನಾನು ಆರಿಸಿಕೊಂಡ ಬಗೆ

ನನ್ನ ದಿನದ ಅರ್ಧ ಭಾಗ ಸಾಲಿಡ್‌ವರ್ಕ್ಸ್ ಅನ್ನುವ 3ಡಿ ವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ಕಳೆಯುತ್ತದೆ. ಯಂತ್ರದ ಬಿಡಿಭಾಗಗಳು, ಅವುಗಳ ಜೋಡಣೆ, ಡ್ರಾಯಿಂಗ್. ಇನ್ನರ್ಧ ಅದೇ ಯಂತ್ರಗಳನ್ನು ನಡೆಸುವುದು ಹೇಗೆ, ಬಿಚ್ಚಿ ರಿಪೇರಿ ಮಾಡುವುದು ಹೇಗೆ ಅಂತ ತೋರಿಸುವ ವಿಡಿಯೊಗಳ ಎಡಿಟಿಂಗ್‌ಗೆ ಹೋಗುತ್ತದೆ. ಅದಕ್ಕೆ ಡಾವಿಂಚಿ ರಿಸಾಲ್ವ್ ಸ್ಟುಡಿಯೊ ಬಳಸುತ್ತೇನೆ. ಎರಡೂ ಒಂದೇ ಕಂಪ್ಯೂಟರ್‌ನಲ್ಲಿ ಆಗಬೇಕು. 6 ಜಿಬಿ ಮೆಮೊರಿಯ ಹಳೆಯ ಗೇಮಿಂಗ್ ಕಾರ್ಡ್ ಒಂದರಲ್ಲೇ ಇದನ್ನೆಲ್ಲ ವರ್ಷಗಟ್ಟಲೆ ನಡೆಸಿದೆ. 2022ರ ಹೊತ್ತಿಗೆ ಅದರಿಂದ ಆಗುತ್ತಿರಲಿಲ್ಲ.

ತೊಂದರೆ ಎರಡೂ ಕಡೆ ಇತ್ತು. ದೊಡ್ಡ ಅಸೆಂಬ್ಲಿಯನ್ನು ತಿರುಗಿಸಿ ನಿಲ್ಲಿಸಿದ ಮೇಲೂ ಅಂಚಿನ ಗೆರೆಗಳು ಅಲ್ಲಲ್ಲಿ ತುಂಡಾಗಿ ಕಾಣುತ್ತಿದ್ದವು. ಡ್ರಾಯಿಂಗ್ ಹಾಳೆಯಲ್ಲಿ ಅಳತೆಯ ಗೆರೆಯನ್ನು ಸರಿಸಿದರೆ ಹಳೆಯ ಜಾಗದಲ್ಲಿ ಅದರ ಗುರುತು ಹಾಗೇ ಉಳಿಯುತ್ತಿತ್ತು. ಇನ್ನು ರಿಸಾಲ್ವ್‌ನಲ್ಲಿ 4ಕೆ ಟೈಮ್‌ಲೈನ್ ಮೇಲೆ ನಾಯ್ಸ್ ರಿಡಕ್ಷನ್ (ಚಿತ್ರದಲ್ಲಿನ ಕಾಳುಕಾಳು ತೆಗೆಯುವ ಸೌಲಭ್ಯ) ಹಾಕಿದರೆ ಸಾಕು, ಜಿಪಿಯು (ಗ್ರಾಫಿಕ್ಸ್ ಕಾರ್ಡ್‌ನ ಚಿಪ್) ಮೆಮೊರಿ ತುಂಬಿದೆ ಅಂತ ಸಂದೇಶ ಬಂದು ಕೆಲಸ ನಿಲ್ಲುತ್ತಿತ್ತು.

ಕಾರ್ಡ್‌ಗಳ ಪಟ್ಟಿ ನೋಡುವ ಮೊದಲು ಒಂದು ವಾರ ನನ್ನ ಕಂಪ್ಯೂಟರನ್ನೇ ನೋಡಿದೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್ ಪುಟ ತೆರೆದು ಜಿಪಿಯು ಮೇಲೆ ಕ್ಲಿಕ್ ಮಾಡಿದರೆ 3ಡಿ, ಕಾಪಿ, ವಿಡಿಯೊ ಡಿಕೋಡ್ (ಕುಗ್ಗಿಸಿದ ವಿಡಿಯೊ ಬಿಡಿಸುವುದು), ವಿಡಿಯೊ ಎನ್‌ಕೋಡ್ (ಕುಗ್ಗಿಸುವುದು) ಅಂತ ಬೇರೆ ಬೇರೆ ಗ್ರಾಫ್ ಸಿಗುತ್ತವೆ. ಕಾರ್ಡ್‌ನ ಸ್ವಂತ ಮೆಮೊರಿ ಎಷ್ಟು ತುಂಬಿದೆ ಅನ್ನುವುದೂ ಕೆಳಗೆ ಕಾಣುತ್ತದೆ. ಎಲ್ಲೆಲ್ಲಿ ಕಾಯುತ್ತಾ ಕೂರಬೇಕಾಯಿತೋ ಅಲ್ಲೆಲ್ಲ ಈ ಗ್ರಾಫ್ ನೋಡಿ ಒಂದು ಪುಸ್ತಕದಲ್ಲಿ ಬರೆದಿಟ್ಟೆ. ಇದೊಂದು ಕೆಲಸ ಮಾಡಿದ್ದರಿಂದ ನನಗೆ ತುಂಬಾ ದುಡ್ಡು ಉಳಿಯಿತು.

ಯಾಕೆಂದರೆ ಸಾಲಿಡ್‌ವರ್ಕ್ಸ್‌ನಲ್ಲಿ ನಾನು ಜಾಸ್ತಿ ಕಾಯುತ್ತಿದ್ದದ್ದು ರೀಬಿಲ್ಡ್‌ಗೆ, ಅಂದರೆ ಬದಲಾವಣೆ ಮಾಡಿದ ಮೇಲೆ ಮಾಡೆಲ್ ಮತ್ತೆ ಲೆಕ್ಕ ಹಾಕಿಕೊಳ್ಳುವುದಕ್ಕೆ. ಆಗ ಜಿಪಿಯು ಗ್ರಾಫ್ ಹೆಚ್ಚು ಕಡಿಮೆ ನೆಲ ಹಿಡಿದಿರುತ್ತಿತ್ತು. ಪ್ರೊಸೆಸರ್‌ನ ಒಂದೇ ಒಂದು ಕೋರ್ ಪೂರ್ತಿ ದುಡಿಯುತ್ತಿತ್ತು, ಉಳಿದವು ಸುಮ್ನೆ ಇರುತ್ತಿದ್ದವು. ಮಾಡೆಲ್‌ನ ಫೀಚರ್‌ಗಳು (ತೂತು, ಕೊರೆತದಂಥ ಹಂತಗಳು) ಒಂದರ ಮೇಲೊಂದು ನಿಂತಿರುತ್ತವೆ. ಮೊದಲನೆಯದು ಮುಗಿಯದೆ ಎರಡನೆಯದನ್ನು ಲೆಕ್ಕ ಹಾಕಲು ಆಗುವುದಿಲ್ಲ, ಹಾಗಾಗಿ ಕೆಲಸವನ್ನು ಕೋರ್‌ಗಳಿಗೆ ಹಂಚುವುದು ಕಷ್ಟ. ಎಂಥ ಕಾರ್ಡ್ ತಂದರೂ ಈ ಕಾಯುವಿಕೆ ಕಡಿಮೆ ಆಗುವುದಿಲ್ಲ. ಸಾಲಿಡ್‌ವರ್ಕ್ಸ್‌ನಲ್ಲೇ ಇರುವ ಪರ್ಫಾರ್ಮೆನ್ಸ್ ಇವ್ಯಾಲ್ಯುಯೇಶನ್ ಓಡಿಸಿದಾಗ ಸಮಯ ತಿನ್ನುತ್ತಿದ್ದ ಭಾಗಗಳು ಸಿಕ್ಕವು. ಬೋಲ್ಟ್‌ಗಳಿಗೆ ನಿಜವಾದ ಸುರುಳಿ ಥ್ರೆಡ್ ಕೊರೆದಿದ್ದೆ. ಅದನ್ನು ತೆಗೆದು ಬರೀ ಗುರುತಿನಂತೆ ಕಾಣುವ ಕಾಸ್ಮೆಟಿಕ್ ಥ್ರೆಡ್ ಹಾಕಿದೆ. ಖರ್ಚಿಲ್ಲದೆ ಅರ್ಧ ಸಮಸ್ಯೆ ಮುಗಿಯಿತು.

ತುಂಡು ಗೆರೆಗಳ ವಿಷಯಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಎಲ್ಲ ಫೈಲ್ ಮುಚ್ಚಿ, ಸಿಸ್ಟಮ್ ಆಪ್ಷನ್ಸ್‌ನ ಪರ್ಫಾರ್ಮೆನ್ಸ್ ಭಾಗದಲ್ಲಿ 'ಯೂಸ್ ಸಾಫ್ಟ್‌ವೇರ್ ಓಪನ್‌ಜಿಎಲ್' ಆನ್ ಮಾಡಬೇಕು (ಓಪನ್‌ಜಿಎಲ್ ಅಂದರೆ ಚಿತ್ರ ಬಿಡಿಸಲು ಸಾಫ್ಟ್‌ವೇರ್ ಬಳಸುವ ಒಂದು ಪದ್ಧತಿ). ಫೈಲ್ ತೆರೆದಿದ್ದರೆ ಆ ಆಯ್ಕೆ ಮಂಕಾಗಿರುತ್ತದೆ, ಮುಟ್ಟಲು ಬರುವುದಿಲ್ಲ. ಆನ್ ಮಾಡಿದಾಗ ಕಾರ್ಡನ್ನು ಬಿಟ್ಟು ಪ್ರೊಸೆಸರ್ ಚಿತ್ರ ಬಿಡಿಸುತ್ತದೆ. ತುಂಬಾ ನಿಧಾನ, ಆದರೆ ನನ್ನ ಗೆರೆಗಳೆಲ್ಲ ಸರಿಯಾಗಿ ಕಂಡವು. ಅಂದರೆ ಮಾಡೆಲ್‌ನಲ್ಲಿ ತಪ್ಪಿರಲಿಲ್ಲ, ಕಾರ್ಡ್ ಅಥವಾ ಅದರ ಡ್ರೈವರ್‌ನಲ್ಲಿ, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್‌ನಲ್ಲಿ, ಇತ್ತು.

ವಿನ್ಯಾಸದಂಥ ಕೆಲಸಕ್ಕೆಂದೇ ಮಾಡುವ ವರ್ಕ್‌ಸ್ಟೇಷನ್ ಕಾರ್ಡ್‌ಗೆ ಯಾಕೆ ಅಷ್ಟು ಜಾಸ್ತಿ ಕೊಡಬೇಕು ಅನ್ನುವುದು ನನಗೆ ಅರ್ಥವಾಗಿದ್ದು ಇಲ್ಲೇ. ಚಿಪ್ ಬಹಳ ಸಲ ಗೇಮಿಂಗ್ ಕಾರ್ಡ್‌ನದ್ದೇ. ಬೇರೆಯಾಗುವುದು ಡ್ರೈವರ್. ಸಾಲಿಡ್‌ವರ್ಕ್ಸ್, ಅದರಂಥವೇ ಆದ ಕಟಿಯಾ, ಕ್ರಿಯೊ ಇವೆಲ್ಲ ತೆರೆಯ ಮೇಲೆ ಚಿತ್ರ ಬಿಡಿಸಲು ಓಪನ್‌ಜಿಎಲ್ ಬಳಸುತ್ತಾ ಬಂದಿವೆ. ಸಾವಿರಾರು ಸಣ್ಣ ಗೆರೆಗಳನ್ನು ನಯವಾಗಿ, ತಪ್ಪಿಲ್ಲದೆ ಬಿಡಿಸುವ ಕೆಲಸಕ್ಕೆ ವರ್ಕ್‌ಸ್ಟೇಷನ್ ಡ್ರೈವರನ್ನು ಹದಗೊಳಿಸಿರುತ್ತಾರೆ. ಇಂಥ ಕಾರ್ಡ್, ಇಂಥ ಡ್ರೈವರ್, ಇಂಥ ವರ್ಷದ ಸಾಲಿಡ್‌ವರ್ಕ್ಸ್, ಈ ಮೂರನ್ನೂ ಒಟ್ಟಿಗೆ ಪರೀಕ್ಷಿಸಿ ಪಟ್ಟಿ ಹಾಕುತ್ತಾರೆ. ನನ್ನ ಹಳೆಯ ಕಾರ್ಡ್ ಆ ಪಟ್ಟಿಯಲ್ಲಿ ಇರಲಿಲ್ಲ, ಹಾಗಾಗಿ ಮಾಡೆಲನ್ನು ನಿಜವಾದ ವಸ್ತುವಿನಂತೆ ತೋರಿಸುವ ರಿಯಲ್‌ವ್ಯೂ ಬಟನ್ ಕೂಡ ಮಂಕಾಗಿಯೇ ಇತ್ತು. ಆಟೊಕ್ಯಾಡ್, ರೆವಿಟ್ ಮಾತ್ರ ಬಳಸುವವರ ಕಥೆ ಬೇರೆ. ಅವು ಗೇಮ್‌ಗಳು ಬಳಸುವ ಡೈರೆಕ್ಟ್‌ಎಕ್ಸ್ ಮೇಲೆ ನಡೆಯುತ್ತವೆ, ಒಳ್ಳೆಯ ಗೇಮಿಂಗ್ ಕಾರ್ಡ್ ಬಹುಪಾಲು ಸಾಕಾಗುತ್ತದೆ.

ವಿಡಿಯೊ ಎಡಿಟಿಂಗ್‌ಗೆ ಬೇಕಾದದ್ದು ಬೇರೆಯೇ. ಅದಕ್ಕೆ ಮೆಮೊರಿ ಬೇಕು. ಎಷ್ಟು ಅಂತ ತಿಳಿಯಲು ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. 4ಕೆ ಫ್ರೇಮ್ ಅಂದರೆ 3840 ಗುಣಿಸು 2160, ಸುಮಾರು 83 ಲಕ್ಷ ಪಿಕ್ಸೆಲ್. ರಿಸಾಲ್ವ್ ಬಣ್ಣದ ಲೆಕ್ಕವನ್ನು 32 ಬಿಟ್ ಫ್ಲೋಟ್‌ನಲ್ಲಿ ಮಾಡುತ್ತದೆ. ನಾಲ್ಕು ಚಾನೆಲ್ ಹಿಡಿದರೆ ಒಂದು ಪಿಕ್ಸೆಲ್‌ಗೆ 16 ಬೈಟ್, ಒಂದು ಫ್ರೇಮ್‌ಗೆ ಸುಮಾರು 133 ಎಂಬಿ. ಟೆಂಪೊರಲ್ ನಾಯ್ಸ್ ರಿಡಕ್ಷನ್ ಹಿಂದೆ ಎರಡು, ಮುಂದೆ ಎರಡು ಫ್ರೇಮ್ ನೋಡುವ ಹಾಗೆ ಇಟ್ಟರೆ ಒಟ್ಟು ಐದು ಫ್ರೇಮ್. ಬರೀ ಅದಕ್ಕೇ 660 ಎಂಬಿ ದಾಟುತ್ತದೆ. ಅದರ ಮೇಲೆ ನೋಡ್‌ಗಳು (ಬಣ್ಣ ತಿದ್ದುವ ಒಂದೊಂದು ಹಂತ), ಮಧ್ಯದ ಲೆಕ್ಕದ ಫ್ರೇಮ್‌ಗಳು, ಇನ್ನೊಂದು ಮಾನಿಟರ್‌ನಲ್ಲಿ ತೆರೆದಿಟ್ಟ ಸಾಲಿಡ್‌ವರ್ಕ್ಸ್. 6 ಜಿಬಿ ಯಾಕೆ ತುಂಬುತ್ತಿತ್ತು ಅನ್ನುವುದು ಆಗ ಕಣ್ಣಿಗೆ ಕಂಡಿತು. ಕಾರ್ಡ್ ನಿಧಾನವಾಗಿದ್ದರೆ ಸ್ವಲ್ಪ ಹೊತ್ತು ಕಾಯಬಹುದು. ಮೆಮೊರಿ ಸಾಲದಿದ್ದರೆ ಕೆಲಸ ಮುಂದಕ್ಕೇ ಹೋಗುವುದಿಲ್ಲ.

ಕೊನೆಗೆ ಎರಡು ಹೆಸರು ಉಳಿದವು. ಎನ್ವಿಡಿಯಾದ ಗೇಮಿಂಗ್ ಕಾರ್ಡ್ ಆರ್‌ಟಿಎಕ್ಸ್ 3070 ಟಿಐ, ಅದೇ ಕಂಪನಿಯ ವರ್ಕ್‌ಸ್ಟೇಷನ್ ಕಾರ್ಡ್ ಆರ್‌ಟಿಎಕ್ಸ್ ಎ4000. ಎರಡೂ 2021ರವು. ಎರಡರಲ್ಲೂ ಇರುವುದು ಜಿಎ104 ಚಿಪ್, ಎರಡರಲ್ಲೂ 6144 ಕುಡಾ ಕೋರ್ (ಲೆಕ್ಕ ಮಾಡುವ ಸಣ್ಣ ಘಟಕಗಳು). ಆದರೆ 3070 ಟಿಐಗೆ 8 ಜಿಬಿ ಮೆಮೊರಿ, 290 ವ್ಯಾಟ್. ಎ4000ಕ್ಕೆ 16 ಜಿಬಿ, 140 ವ್ಯಾಟ್, ಅಗಲ ಒಂದೇ ಸ್ಲಾಟ್. ಅಷ್ಟು ಕಡಿಮೆ ಕರೆಂಟ್‌ನಲ್ಲಿ ನಡೆಯುವ ಚಿಪ್ ಸಹಜವಾಗಿ ಕಡಿಮೆ ವೇಗದಲ್ಲಿ ಓಡುತ್ತದೆ, ರೆಂಡರ್‌ನಲ್ಲಿ 3070 ಟಿಐ ಮುಂದಿರುತ್ತದೆ. ನನಗೆ ಅದು ಬೇಕಿರಲಿಲ್ಲ. ಪರೀಕ್ಷಿಸಿದ ಡ್ರೈವರ್, ಎರಡರಷ್ಟು ಮೆಮೊರಿ, ಹಳೆಯ ಪವರ್ ಸಪ್ಲೈ ಬದಲಿಸದೆ ನಡೆಯುವುದು, ಈ ಮೂರೂ ಒಂದೇ ಕಡೆ ಸಿಕ್ಕವು. ಎಎಂಡಿಯ ರೇಡಿಯಾನ್ ಪ್ರೊ ಡಬ್ಲ್ಯು6600 ಕೂಡ ನೋಡಿದ್ದೆ, 8 ಜಿಬಿ ಅಂತ ಬಿಟ್ಟೆ. ಡಬ್ಲ್ಯು6800ರಲ್ಲಿ 32 ಜಿಬಿ, ಅಷ್ಟು ನನಗೆ ಜಾಸ್ತಿ. ಬರೀ ಎಡಿಟಿಂಗ್ ಮಾಡುವವರು ಕೇಳಿದರೆ ನಾನು ಎ4000 ತಗೊಳ್ಳಿ ಅನ್ನುವುದಿಲ್ಲ. ಮೆಮೊರಿ ಜಾಸ್ತಿ ಇರುವ ಗೇಮಿಂಗ್ ಕಾರ್ಡ್ ತಗೊಂಡು ಎಡಿಟಿಂಗ್‌ನಂಥ ಕೆಲಸಕ್ಕೆ ಎನ್ವಿಡಿಯಾ ಕೊಡುವ ಸ್ಟುಡಿಯೊ ಡ್ರೈವರ್ ಹಾಕಿಕೊಳ್ಳಿ ಅನ್ನುತ್ತೇನೆ. 10 ಬಿಟ್ ಬಣ್ಣದ ಮಾನಿಟರ್‌ಗೋಸ್ಕರ ವರ್ಕ್‌ಸ್ಟೇಷನ್ ಕಾರ್ಡ್ ಬೇಕೇಬೇಕು ಅನ್ನುವ ಕಾಲವೂ ಹೋಯಿತು. ಓಪನ್‌ಜಿಎಲ್‌ನಲ್ಲಿ ಆ ಸೌಲಭ್ಯ 2019ರಿಂದ ಸ್ಟುಡಿಯೊ ಡ್ರೈವರ್‌ನಲ್ಲೇ ಸಿಗುತ್ತಿದೆ.

ಕೂರಿಸುವುದು ಸುಲಭವಾಯಿತು. ಒಂದು 6 ಪಿನ್ ಪವರ್ ಕೇಬಲ್ ಸಾಕು. ಹಿಂದೆ ನಾಲ್ಕೂ ಡಿಸ್‌ಪ್ಲೇಪೋರ್ಟ್, ಎಚ್‌ಡಿಎಂಐ ಇಲ್ಲ. ನನ್ನ ಎರಡನೇ ಮಾನಿಟರ್‌ಗೆ ಅಡಾಪ್ಟರ್ ಬೇಕಾಯಿತು. ಗೆರೆಗಳು ಸರಿಹೋದವು. ನಾಯ್ಸ್ ರಿಡಕ್ಷನ್ ಹಾಕಿದಾಗ ಮತ್ತೆ ಆ ಸಂದೇಶ ಬರಲಿಲ್ಲ.

ಆದರೆ ಕ್ಯಾಮೆರಾದ ಫೈಲ್‌ಗಳು ಮೊದಲಿನಂತೆಯೇ ತಡವರಿಸಿ ಓಡುತ್ತಿದ್ದವು. ಇಷ್ಟು ಒಳ್ಳೆಯ ಕಾರ್ಡ್ ಬಂದ ಮೇಲೂ ಹೀಗೆ ಅಂದರೆ ಬೇಸರ ಆಗುತ್ತೆ ಅಲ್ವಾ? ಗ್ರಾಫ್ ತೆರೆದೆ. ವಿಡಿಯೊ ಡಿಕೋಡ್ ಸೊನ್ನೆಯಲ್ಲಿತ್ತು. ಪ್ರೊಸೆಸರ್ ಪೂರ್ತಿ ದುಡಿಯುತ್ತಿತ್ತು. ನಮ್ಮ ಕ್ಯಾಮೆರಾ ಬರೆಯುವುದು ಎಚ್.265 ಅನ್ನುವ ಕುಗ್ಗಿಸಿದ ರೂಪ, 10 ಬಿಟ್, 4:2:2. ಈ ಕೊನೆಯ ಅಂಕಿಗಳು ಬಣ್ಣದ ಮಾಹಿತಿ ಎಷ್ಟು ಉಳಿದಿದೆ ಅಂತ ಹೇಳುತ್ತವೆ. ಆ ಪೀಳಿಗೆಯ ಎನ್ವಿಡಿಯಾ ಕಾರ್ಡ್‌ಗಳ ಡಿಕೋಡರ್ 4:2:0 ಬಿಡಿಸುತ್ತದೆ, 4:4:4 ಕೂಡ ಬಿಡಿಸುತ್ತದೆ, 4:2:2 ಬಿಡಿಸುವುದಿಲ್ಲ. 2025ರ ಬ್ಲ್ಯಾಕ್‌ವೆಲ್ ಪೀಳಿಗೆಯಲ್ಲಿ ಅದು ಬಂತು. ನಾನು ಕಾರ್ಡ್ ತಗೊಂಡಾಗ ಡೆಸ್ಕ್‌ಟಾಪ್‌ನಲ್ಲಿ ಈ ಕೆಲಸ ಮಾಡುತ್ತಿದ್ದದ್ದು ಇಂಟೆಲ್‌ನ 11ನೇ ಪೀಳಿಗೆಯಿಂದ ಈಚೆಗಿನ ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್, ಅಂದರೆ ಕ್ವಿಕ್ ಸಿಂಕ್. ನನ್ನ ಪ್ರೊಸೆಸರ್‌ನ ಹೆಸರಿನ ಕೊನೆಯಲ್ಲಿ ಎಫ್ ಅಕ್ಷರ ಇತ್ತು. ಎಫ್ ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ಕೊಳ್ಳುವ ಮೊದಲಿನ ಆ ಒಂದು ವಾರದಲ್ಲಿ ನಾನು ಮೆಮೊರಿಯ ಅಂಕಿ ಬರೆದುಕೊಂಡಿದ್ದೆ, ಡಿಕೋಡ್ ಗ್ರಾಫ್ ಖಾಲಿ ಇದ್ದದ್ದನ್ನು ಗಮನಿಸಿರಲಿಲ್ಲ.

ಕೆಲವು ತಿಂಗಳು ಪ್ರಾಕ್ಸಿ ಮಾಡಿಕೊಂಡು ನಡೆಸಿದೆ. ರಾತ್ರಿ ಎಲ್ಲ ಕ್ಲಿಪ್‌ಗಳಿಗೂ ಸಣ್ಣ ಪ್ರತಿ ಮಾಡಲು ಬಿಟ್ಟು, ಬೆಳಗ್ಗೆ ಅವುಗಳ ಮೇಲೆ ಎಡಿಟ್ ಮಾಡುವುದು. ಆಮೇಲೆ ಅದೇ ಮದರ್‌ಬೋರ್ಡ್‌ಗೆ ಎಫ್ ಇಲ್ಲದ ಪ್ರೊಸೆಸರ್ ಹಾಕಿದೆ. ಬಯೋಸ್‌ಗೆ ಹೋಗಿ ಒಳಗಿನ ಗ್ರಾಫಿಕ್ಸ್ ಆನ್ ಮಾಡಬೇಕಾಯಿತು, ಹೊರಗಿನ ಕಾರ್ಡ್ ಇದ್ದದ್ದರಿಂದ ಅದು ತಾನಾಗಿ ಆಫ್ ಆಗಿತ್ತು. ಆಮೇಲೆ ರಿಸಾಲ್ವ್‌ನ ಡಿಕೋಡ್ ಆಯ್ಕೆಗಳಲ್ಲಿ ಇಂಟೆಲ್‌ಗೆ ಗುರುತು ಹಾಕಿದೆ. ಅವತ್ತಿನಿಂದ ಅದೇ ಫೈಲ್‌ಗಳು ಸಲೀಸಾಗಿ ಓಡುತ್ತಿವೆ. ಪ್ರೊಸೆಸರ್ ವಿಡಿಯೊ ಬಿಡಿಸುತ್ತದೆ, ಎ4000 ಬಣ್ಣ ನೋಡಿಕೊಳ್ಳುತ್ತದೆ.

ಈಗಲೂ ಎಚ್ಚರದಿಂದ ನೋಡಿಕೊಳ್ಳುವುದು ಡ್ರೈವರನ್ನು. ರಿಸಾಲ್ವ್‌ನ ಹೊಸ ಆವೃತ್ತಿ ಹೊಸ ಡ್ರೈವರ್ ಕೇಳುತ್ತದೆ. ಸಾಲಿಡ್‌ವರ್ಕ್ಸ್‌ಗೆ ಪಟ್ಟಿಯಲ್ಲಿರುವ, ಪರೀಕ್ಷೆಯಾದ ಡ್ರೈವರ್ ಬೇಕು. ಎರಡೂ ಒಂದೇ ದಿನ ಹೊಂದಿಕೊಳ್ಳುವುದಿಲ್ಲ. ನಾನು ಸಾಲಿಡ್‌ವರ್ಕ್ಸ್‌ನ ಪಟ್ಟಿಯನ್ನೇ ನಂಬುತ್ತೇನೆ. ಪಟ್ಟಿಗೆ ಹೊಸ ಡ್ರೈವರ್ ಬರುವ ತನಕ ರಿಸಾಲ್ವ್‌ನ ಹಳೆಯ ಆವೃತ್ತಿಯಲ್ಲೇ ಇರುತ್ತೇನೆ. ಕೈಯಲ್ಲಿರುವ ಕೆಲಸ ಮುಗಿಯದೆ ಯಾವುದನ್ನೂ ಅಪ್‌ಡೇಟ್ ಮಾಡುವುದಿಲ್ಲ. ಈಗಿನ ಡ್ರೈವರ್‌ನ ಫೈಲ್ ಬೇರೆ ಡಿಸ್ಕ್‌ನಲ್ಲಿ, ಹೆಸರಿನ ಪಕ್ಕ ತಾರೀಖು ಬರೆದು ಇಟ್ಟಿದ್ದೇನೆ.