ರೈಲು ಹಳಿಯ ಪಕ್ಕದ ಊರದಾರಿಗಳಲ್ಲಿ ಸೈಕಲ್: ನಂದಿಯಿಂದ ಶ್ರೀನಿವಾಸಪುರದ ಕಡೆಗೆ

ಚಿಕ್ಕಬಳ್ಳಾಪುರದ ಕಡೆ ಸೈಕಲ್ ತುಳಿಯಲು ಬರುತ್ತೇನೆ ಅಂದವರೆಲ್ಲ ಮೊದಲು ಕೇಳುವುದು ನಂದಿ ಬೆಟ್ಟದ ಬಗ್ಗೆ. ಬೆಟ್ಟ 1,478 ಮೀಟರ್ ಎತ್ತರ, ತಿರುವುಗಳು ಚೆನ್ನಾಗಿವೆ, ಹತ್ತಿ ಮುಗಿಸಿದ ಖುಷಿಯೇ ಬೇರೆ, ನಿಜ. ಆದರೆ ಭಾನುವಾರ ಬೆಳಗಿನ ಜಾವ ಅಲ್ಲಿ ಕಾರು, ಬೈಕುಗಳ ಸಾಲು. ನೆಮ್ಮದಿಯಾಗಿ, ಮಾತಾಡಿಕೊಂಡು, ಹಕ್ಕಿ ಕೂಗು ಕೇಳಿಸುವ ಹಾಗೆ ತುಳಿಯಬೇಕು ಅಂದರೆ ಬೆಟ್ಟವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಬುಡದಲ್ಲಿ ಹಾದು ಹೋಗುವ ರೈಲು ಹಳಿಯನ್ನು ನೋಡಿ. ಅದರ ಅಕ್ಕಪಕ್ಕದ ಊರದಾರಿಗಳಲ್ಲಿ ಹೋಗಿ.

ಯಾಕೆ ರೈಲು ಹಳಿ? ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ, ಏರು ಜಾಸ್ತಿ ಆದರೆ ಜಾರುತ್ತದೆ. ಹಾಗಾಗಿ ಹಳಿ ಹಾಕುವವರು ಗುಡ್ಡಗಳನ್ನು ತಪ್ಪಿಸಿ, ಆದಷ್ಟು ಸಮ ಇರುವ ನೆಲ ಹುಡುಕಿಕೊಂಡೇ ಹೋಗುತ್ತಾರೆ. ನಮಗಾಗಿ ಆ ಹುಡುಕುವ ಕೆಲಸವನ್ನು ನೂರು ವರ್ಷದ ಹಿಂದೆಯೇ ಯಾರೋ ಮಾಡಿ ಮುಗಿಸಿದ್ದಾರೆ, ಅಲ್ವಾ? ಸ್ಪೇನ್‌ನಲ್ಲಿ ಇದನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ. ಅಲ್ಲಿ ಹಾಯೆನ್ ಮತ್ತು ಕೊರ್ದೊಬಾ ಪ್ರಾಂತ್ಯಗಳಲ್ಲಿ ಆಲಿವ್ ಎಣ್ಣೆ ಸಾಗಿಸುತ್ತಿದ್ದ ಒಂದು ರೈಲು ಮಾರ್ಗ 1985ರಲ್ಲಿ ನಿಂತುಹೋಯಿತು. ಆಮೇಲೆ ಹಳಿ ಕಿತ್ತು ಅದನ್ನು ಸೈಕಲ್ ಮತ್ತು ಕಾಲುದಾರಿ ಮಾಡಿದರು. ಸುಮಾರು 128 ಕಿಲೋಮೀಟರ್, ಎರಡೂ ಕಡೆ ಆಲಿವ್ ತೋಟ, ನಡುವೆ ಹಳೇ ಕಬ್ಬಿಣದ ಸೇತುವೆಗಳು, ಸುರಂಗ. ಇಂಥ ದಾರಿಗಳನ್ನು ಅಲ್ಲಿ ‘ವಿಯಾ ವೆರ್ದೆ’ ಅನ್ನುತ್ತಾರೆ, ಹಸಿರು ದಾರಿ ಅಂತ ಅರ್ಥ.

ನಮ್ಮಲ್ಲಿ ಆಲಿವ್ ಇಲ್ಲ. ದ್ರಾಕ್ಷಿ ಚಪ್ಪರ ಇದೆ, ಹಿಪ್ಪುನೇರಳೆ ತೋಟ ಇದೆ, ಶ್ರೀನಿವಾಸಪುರದ ಮಾವು ಇದೆ. ನಮ್ಮ ಹಳಿಯೂ ನಿಂತುಹೋದದ್ದಲ್ಲ. ಮೊದಲು ಎರಡೂವರೆ ಅಡಿ ಅಗಲದ ನ್ಯಾರೋ ಗೇಜ್ ಇತ್ತು, ನಂದಿ ಹಾಲ್ಟ್ ನಿಲ್ದಾಣ 1915ರ ಕಾಲದ್ದು. ಆಮೇಲೆ ಬ್ರಾಡ್ ಗೇಜ್ ಆಯಿತು, ಚಿಕ್ಕಬಳ್ಳಾಪುರ–ಕೋಲಾರ ನಡುವೆ 2013ರಲ್ಲಿ ಮತ್ತೆ ರೈಲು ಓಡಿತು. ಆದ್ದರಿಂದ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಹಳಿಯ ಮೇಲೆ, ಜಲ್ಲಿಯ ಪಕ್ಕದ ಕಾಲುದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗಬೇಡಿ. ಅಪಾಯ ಅನ್ನುವುದು ಒಂದು, ಕಾನೂನು ಇನ್ನೊಂದು. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅದು ಅಕ್ರಮ ಪ್ರವೇಶ, ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ನಮ್ಮ ದಾರಿ ಹಳಿಯಿಂದ ಅರ್ಧ, ಒಂದು ಕಿಲೋಮೀಟರ್ ಆಚೆ ಇರುವ ಊರರಸ್ತೆ.

ದಾರಿ ಗುರುತು ಮಾಡುವುದು ಹೀಗೆ. ಹಿಂದಿನ ರಾತ್ರಿ ಫೋನಿನ ಮ್ಯಾಪ್ ತೆಗೆದು ಸ್ಯಾಟಲೈಟ್ ಚಿತ್ರ ಹಾಕಿ. ರೈಲು ಗೆರೆ ಹಿಡಿದು ಬೆರಳು ಓಡಿಸುತ್ತಾ ಹೋಗಿ, ಅದರ ಎರಡೂ ಬದಿ ಊರಿಂದ ಊರಿಗೆ ಹೋಗುವ ಸಣ್ಣ ರಸ್ತೆಗಳನ್ನು ನೋಡಿ. ದಪ್ಪ ಗೆರೆಯ ಹೆದ್ದಾರಿ ಬೇಡ. ತೀರಾ ತೆಳು ಗೆರೆಗಳಲ್ಲಿ ಕೆಲವು ತೋಟದ ಬೇಲಿಗೆ ಹೋಗಿ ಮುಗಿಯುತ್ತವೆ, ಅದಕ್ಕೇ ಸ್ಯಾಟಲೈಟ್ ಚಿತ್ರ ಬೇಕು ಅಂದದ್ದು. ಕೆರೆ ಏರಿಯ ಮೇಲೆ ಹೋಗುವ ರಸ್ತೆ ಕಂಡರೆ ಬಿಡಬೇಡಿ. ಏರಿ ಮೇಲಿನ ದಾರಿ ಸಮ, ಒಂದು ಕಡೆ ನೀರು, ಇನ್ನೊಂದು ಕಡೆ ಕೆಳಗೆ ಗದ್ದೆ ಅಥವಾ ತೆಂಗು. ಕೋಲಾರದ ಕಡೆ ಎಷ್ಟೋ ವರ್ಷ ಒಣಗಿದ್ದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿದ್ದು, ಬರುತ್ತಿದೆ. ಆ ನೀರು ಕುಡಿಯುವುದಕ್ಕಲ್ಲ, ಬಾಟಲಿಗೆ ತುಂಬಿಕೊಳ್ಳಬೇಡಿ, ಮುಖವನ್ನೂ ತೊಳೆಯಬೇಡಿ.

ದಾರಿಯಲ್ಲಿ ಯಾರನ್ನಾದರೂ ಕೇಳುವಾಗ ‘ಅಣ್ಣಾ, ಈ ದಾರಿ ಆ ಊರಿಗೆ ಹೋಗುತ್ತಾ’ ಅಂತ ಮಾತ್ರ ಕೇಳಬೇಡಿ. ಹೋಗುತ್ತೆ ಅನ್ನುತ್ತಾರೆ, ಅವರ ಲೆಕ್ಕದಲ್ಲಿ ಟ್ರ್ಯಾಕ್ಟರ್ ಹೋಗುತ್ತೆ. ‘ಟಾರ್ ಇದೆಯಾ, ಮಣ್ಣಾ, ಮಧ್ಯೆ ಹಳ್ಳ ಬರುತ್ತಾ’ ಅಂತ ಕೇಳಿ. ಉತ್ತರ ತೆಲುಗಲ್ಲಿ ಬಂದರೂ ಕೈ ಸನ್ನೆಯಲ್ಲಿ ಅರ್ಥವಾಗುತ್ತದೆ, ಇಲ್ಲಿಯ ಜನ ಎರಡೂ ಭಾಷೆ ಬೆರೆಸಿಯೇ ಮಾತಾಡುವುದು.

ರಸ್ತೆ ಸದ್ದಿಲ್ಲದ್ದೋ ಅಲ್ಲವೋ ಅಂತ ತಿಳಿಯಲು ನಾನು ನೋಡುವುದು ರಸ್ತೆ ಬದಿಯ ಗಿಡದ ಎಲೆಯನ್ನು. ಹೊಂಗೆ ಎಲೆ ಹಸಿರಾಗಿ ಮಿರಮಿರ ಅಂತಿದ್ದರೆ ಮುಂದೆ ಹೋಗಿ. ಎಲೆಯ ಮೇಲೆ ಬಿಳಿ ಪುಡಿ ಕೂತಿದ್ದು, ಬೆರಳಿಟ್ಟರೆ ಹಿಟ್ಟಿನ ಹಾಗೆ ಅಂಟಿದರೆ, ಅದು ಜಲ್ಲಿ ಕ್ರಷರಿನ ಟಿಪ್ಪರ್ ಓಡಾಡುವ ದಾರಿ. ತಿರುಗಿ ಬೇರೆ ದಾರಿ ಹಿಡಿಯಿರಿ. ಟಿಪ್ಪರ್ ದಾರಿಯಲ್ಲಿ ಅಂಚು ಕಿತ್ತುಹೋಗಿರುತ್ತದೆ, ಜಲ್ಲಿ ಚೆಲ್ಲಿರುತ್ತದೆ, ಮತ್ತೆ ಅವರು ನಿಮಗಾಗಿ ನಿಧಾನ ಮಾಡುವುದಿಲ್ಲ.

ಮೊದಲ ಸಲ ಬರುವವರಿಗೆ ನಂದಿ ಹಾಲ್ಟ್, ನಂದಿ ಗ್ರಾಮ, ಮುದ್ದೇನಹಳ್ಳಿ, ಅಲ್ಲಿಂದ ಚಿಕ್ಕಬಳ್ಳಾಪುರ, ಇಷ್ಟೇ ಸಾಕು. ನಂದಿ ಗ್ರಾಮದಲ್ಲಿ ಭೋಗ ನಂದೀಶ್ವರ ದೇವಸ್ಥಾನ, ಒಳಗೆ ದೊಡ್ಡ ಕಲ್ಯಾಣಿ. ಮುದ್ದೇನಹಳ್ಳಿ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು. ದಾರಿಯುದ್ದಕ್ಕೂ ದ್ರಾಕ್ಷಿ ಚಪ್ಪರಗಳು ಸಿಗುತ್ತವೆ, ಬೆಂಗಳೂರು ಬ್ಲೂ ಅನ್ನುವ ಕಪ್ಪು ದ್ರಾಕ್ಷಿ ಬೆಳೆಯುವ ಸೀಮೆ ಇದೇ. ಹಣ್ಣು ಬೇಕಾದರೆ ತೋಟದವರನ್ನು ಕೇಳಿ, ದುಡ್ಡು ಕೊಟ್ಟು ತಗೊಳ್ಳಿ, ಚಪ್ಪರಕ್ಕೆ ಕೈ ಹಾಕಬೇಡಿ. ಔಷಧಿ ಹೊಡೆದಿರುತ್ತಾರೆ, ತೊಳೆಯದೆ ತಿನ್ನುವುದೂ ಒಳ್ಳೆಯದಲ್ಲ.

ಕಾಲು ಪಳಗಿದ ಮೇಲೆ ಶಿಡ್ಲಘಟ್ಟದ ಕಡೆ ಹೋಗಿ. ಇಲ್ಲಿಂದ ಮುಂದೆ ಹಿಪ್ಪುನೇರಳೆಯೇ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ ದೊಡ್ಡದು, ಬೆಳಿಗ್ಗೆ ಗೂಡು ತುಂಬಿದ ವ್ಯಾನು, ಆಟೋಗಳು ಊರ ಕಡೆ ಅವಸರದಲ್ಲಿ ಓಡುತ್ತವೆ. ಆ ಹೊತ್ತಿಗೆ ಪೇಟೆಗೆ ಹತ್ತಿರದ ಮುಖ್ಯ ರಸ್ತೆಯಲ್ಲಿ ಇರಬೇಡಿ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ ಹಾದು ಕೋಲಾರ ಮುಟ್ಟುವ ರೈಲು ದಾರಿ ಸುಮಾರು 85 ಕಿಲೋಮೀಟರ್, ಊರದಾರಿಗಳಲ್ಲಿ ಸುತ್ತಿಕೊಂಡು ಹೋದರೆ ಇನ್ನೂ ಜಾಸ್ತಿ. ಎರಡು ದಿನ ಮಾಡಿ, ಚಿಂತಾಮಣಿಯಲ್ಲಿ ಉಳಿಯಿರಿ. ಎರಡನೇ ದಿನದ ಮಾವಿನ ತೋಪುಗಳ ನಡುವಿನ ದಾರಿಯನ್ನು ದಣಿದ ಕಾಲಲ್ಲಿ ಓಡಿಸಿಕೊಂಡು ಹೋದರೆ ನಷ್ಟ ನಿಮಗೇ. ಜನವರಿ, ಫೆಬ್ರವರಿಯಲ್ಲಿ ಬಂದರೆ ತೋಪೆಲ್ಲ ಹೂವು, ವಾಸನೆ ರಸ್ತೆಯವರೆಗೆ ಬರುತ್ತದೆ.

ಹಾಗಂತ ಪೂರ್ತಿ ಸಮ ಅಂದುಕೊಳ್ಳಬೇಡಿ. ಹಳಿಗೆ ಗುಡ್ಡ ಕಡಿದು ದಾರಿ ಮಾಡಿರುತ್ತಾರೆ, ಊರರಸ್ತೆ ಮಾತ್ರ ದಿಣ್ಣೆ ಹತ್ತಿ ಇಳಿಯುತ್ತದೆ. ದಿಣ್ಣೆಗೆ ಮುಂಚೆಯೇ ಹಗುರ ಗೇರ್‌ಗೆ ಬನ್ನಿ, ಹತ್ತುವಾಗ ಒತ್ತಡದಲ್ಲಿ ಬದಲಾಯಿಸಿದರೆ ಚೈನ್ ಬೀಳುತ್ತದೆ.

ಸೈಕಲ್ ದುಬಾರಿಯದೇ ಬೇಕಿಲ್ಲ. ಸೀಟಿನ ಎತ್ತರ ಸರಿ ಇರಲಿ: ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟಾಗ ಮಂಡಿ ನೆಟ್ಟಗಾಗಬೇಕು. ಟೈರ್ 32 ಮಿಲಿಮೀಟರ್ ಅಥವಾ ಇನ್ನೂ ಅಗಲ ಇದ್ದರೆ ಇಲ್ಲಿಯ ಗುಂಡಿಗಳಿಗೆ ಒಳ್ಳೆಯದು, ಗಾಳಿ ಕಲ್ಲಿನ ಹಾಗೆ ತುಂಬಬೇಡಿ. ನಿಮ್ಮ ಟ್ಯೂಬಿನದು ತೆಳು ಬಾಯಿಯ ಪ್ರೆಸ್ಟಾ ವಾಲ್ವ್ ಆಗಿದ್ದರೆ ಹಳ್ಳಿಯ ಪಂಚರ್ ಅಂಗಡಿಯ ಪಂಪು ಅದಕ್ಕೆ ಕೂರುವುದಿಲ್ಲ. ಹಿತ್ತಾಳೆಯ ಸಣ್ಣ ಅಡಾಪ್ಟರ್ ಒಂದು ಜೇಬಲ್ಲಿರಲಿ, ಬೆಲೆ ಏನೂ ಇಲ್ಲ.

ಪಂಚರ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಕೆರೆ ಅಂಗಳ, ರೈಲ್ವೆ ಬದಿ ಎಲ್ಲ ಕಡೆ ಜಾಲಿ ಮುಳ್ಳು. ಒಮ್ಮೆ ಚಿಂತಾಮಣಿ ಹತ್ತಿರ ನನಗೆ ಒಂದೇ ಬೆಳಿಗ್ಗೆ ಮೂರು ಸಲ ಪಂಚರ್ ಆಯಿತು. ಎರಡು ಸಲ ಟ್ಯೂಬಿಗೆ ತೇಪೆ ಹಾಕಿ, ಟೈರಿನ ಒಳಗೆ ಬೆರಳಾಡಿಸಿ, ಏನೂ ಇಲ್ಲ ಅಂತ ಮುಚ್ಚಿದ್ದೆ. ಮೂರನೇ ಸಲ ಒಂದು ಹಳೇ ಪಂಚೆ ಚೂರನ್ನು ಟೈರಿನ ಒಳಗೆ ಸುತ್ತಲೂ ಎಳೆದಾಗ ಒಂದು ಕಡೆ ಎಳೆ ಸಿಕ್ಕಿಕೊಂಡಿತು. ನೋಡಿದರೆ ಮುಳ್ಳಿನ ತುದಿ, ಎಳ್ಳಿನಷ್ಟು ಕೂಡ ಇಲ್ಲ, ರಬ್ಬರಿನ ಬಣ್ಣಕ್ಕೇ ತಿರುಗಿತ್ತು. ಹೊರಗಿನಿಂದ ಮುರಿದುಹೋಗಿತ್ತು, ಒಳಗೆ ಮಾತ್ರ ಚುಚ್ಚುತ್ತಿತ್ತು. ಉಗುರು ಕತ್ತರಿಯಲ್ಲಿ ಕಿತ್ತ ಮೇಲೆ ಆ ದಿನ ಮತ್ತೆ ಪಂಚರ್ ಆಗಲಿಲ್ಲ. ಹಾಗಾಗಿ ಎರಡು ಟ್ಯೂಬು, ತೇಪೆ, ಸಣ್ಣ ಪಂಪು, ಟೈರ್ ಬಿಚ್ಚುವ ಲಿವರ್ ಜೊತೆಗೆ ಒಂದು ಹತ್ತಿ ಬಟ್ಟೆ ಮತ್ತು ಚಿಮಟ ಇಟ್ಟುಕೊಳ್ಳಿ.

ಸುಗ್ಗಿಯಲ್ಲಿ ಬಂದರೆ ಇನ್ನೊಂದು ಇದೆ. ರಾಗಿ, ಹುರುಳಿ ಕೊಯ್ದು ರಸ್ತೆ ಮೇಲೆ ಹರಡಿರುತ್ತಾರೆ, ವಾಹನ ಓಡಾಡಿ ಕಾಳು ಉದುರಲಿ ಅಂತ. ಲಾರಿಗೆ ಏನೂ ಆಗುವುದಿಲ್ಲ. ಸೈಕಲ್ಲಿನ ಹಿಂದಿನ ಗೇರುಗಳಿಗೆ ಆ ಹುಲ್ಲು ಸುತ್ತಿಕೊಂಡರೆ ಹಗ್ಗದ ಹಾಗೆ ಬಿಗಿಯುತ್ತದೆ, ಹಿಂದಿನ ಚಕ್ರದ ಪಕ್ಕ ಚೈನನ್ನು ಗೇರಿಂದ ಗೇರಿಗೆ ಸರಿಸುವ ಡಿರೇಲರ್ ಮುರಿಯಬಹುದು. ಅಂಚಿಗೆ ಕಲ್ಲುಗಳನ್ನೂ ಇಟ್ಟಿರುತ್ತಾರೆ, ಹುಲ್ಲಿನಡಿ ಕಾಣುವುದಿಲ್ಲ. ಇಳಿಯಿರಿ, ಹಿಂದಿನ ಚಕ್ರ ಎತ್ತಿ ಹಿಡಿದು ಪಕ್ಕದಲ್ಲಿ ನಡೆದು ದಾಟಿ. ಒಬ್ಬರ ವರ್ಷದ ಅನ್ನ ಅದು.

ರೈಲ್ವೆ ಗೇಟ್ ದಾಟುವಾಗ ಹಳಿಗೆ ನೇರವಾಗಿ ಅಡ್ಡ ಹೋಗಬೇಕು. ರಸ್ತೆ ಓರೆಯಾಗಿ ದಾಟುತ್ತಿದ್ದರೆ ಹಿಂದೆ ಮುಂದೆ ನೋಡಿ ಸೈಕಲ್ಲನ್ನು ತಿರುಗಿಸಿಕೊಳ್ಳಿ, ಇಲ್ಲದಿದ್ದರೆ ಮುಂದಿನ ಚಕ್ರ ಹಳಿಯ ಸಂದಿಗೆ ಬಿದ್ದು ನೇರ ನೆಲಕ್ಕೆ. ಮಳೆಯಲ್ಲಂತೂ ಇಳಿದು ನಡೆಯಿರಿ. ಮಳೆ ಬಂದ ಮರುದಿನ ರೈಲ್ವೆ ಅಂಡರ್‌ಪಾಸಿನಲ್ಲಿ ನೀರು ನಿಂತಿದ್ದರೆ ಒಳಗೆ ಇಳಿಯಬೇಡಿ, ಕೆಳಗೆ ಏನಿದೆ ಅಂತ ಗೊತ್ತಾಗುವುದಿಲ್ಲ.

ನಾಯಿ ಅಟ್ಟಿಸಿಕೊಂಡು ಬಂದರೆ ಸೈಕಲ್ಲನ್ನು ಜೋರಾಗಿ ಓಡಿಸಬೇಡಿ. ನಿಲ್ಲಿ, ಇಳಿಯಿರಿ, ಸೈಕಲ್ ನಿಮ್ಮ ಮತ್ತು ನಾಯಿಯ ನಡುವೆ ಇರಲಿ, ನಿಧಾನವಾಗಿ ನಡೆಯಿರಿ. ಬಹಳಷ್ಟು ನಾಯಿಗಳು ಅಷ್ಟಕ್ಕೇ ಸುಮ್ನಾಗುತ್ತವೆ. ಕಚ್ಚಿದರೆ ಅಥವಾ ಪರಚಿದರೆ ಸೋಪು, ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ, ನಾಳೆ ನೋಡೋಣ ಅನ್ನಬೇಡಿ.

ಹೊರಡುವುದು ಬೆಳಕು ಹರಿಯುತ್ತಿದ್ದಂತೆ. ಡಿಸೆಂಬರ್, ಜನವರಿಯಲ್ಲಿ ಬೆಟ್ಟದ ಬುಡದಲ್ಲಿ ಮಂಜು ದಟ್ಟವಾಗಿರುತ್ತದೆ, ಹಿಂದಿನ ಕೆಂಪು ಲೈಟ್ ಇದ್ದರೂ ಮಂಜು ತಿಳಿಯಾಗುವವರೆಗೆ ಒಂದು ಟೀ ಕುಡಿದು ಕಾಯುವುದು ವಾಸಿ. ಬೇಸಿಗೆಯಲ್ಲಿ ಹತ್ತು ಗಂಟೆಯೊಳಗೆ ಮುಗಿಸಿ. ಎರಡು ಬಾಟಲಿ ನೀರು, ಒಂದರಲ್ಲಿ ಚಿಟಿಕೆ ಉಪ್ಪು, ನಿಂಬೆ. ತಿನ್ನಲು ಕಡಲೆಕಾಯಿ ಮಿಠಾಯಿ, ಬಾಳೆಹಣ್ಣು. ಒಂದೂವರೆ ಗಂಟೆಗೊಮ್ಮೆ ಏನಾದರೂ ತಿನ್ನಿ, ಹಸಿವಾಗುವವರೆಗೆ ಕಾಯಬೇಡಿ. ಊರೊಳಗಿನ ಸಣ್ಣ ಹೋಟೆಲಲ್ಲಿ ಇಡ್ಲಿ, ಚಿತ್ರಾನ್ನ ಸಿಗುತ್ತದೆ, ಮಧ್ಯಾಹ್ನಕ್ಕೆ ಮುದ್ದೆ ಸಾರು. ಸೈಕಲ್ಲನ್ನು ಕಣ್ಣಿಗೆ ಬೀಳುವ ಕಡೆ ಒರಗಿಸಿ ಕೂತುಕೊಳ್ಳಿ, ಎಲ್ಲಿಂದ ಬಂದಿರಿ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ, ಮುಂದಿನ ದಾರಿ ಹೇಗಿದೆ ಅಂತ ಅವರನ್ನೇ ವಿಚಾರಿಸಿ.

ಮನೆಗೆ ಬಂದ ಮೇಲೆ ಸೈಕಲ್ ತಲೆಕೆಳಗೆ ಮಾಡಿ, ಎರಡೂ ಟೈರುಗಳನ್ನು ನಿಧಾನವಾಗಿ ತಿರುಗಿಸಿ ಬೆಳಕಲ್ಲಿ ನೋಡಿ. ಇನ್ನೂ ಪೂರ್ತಿ ಒಳಗೆ ಹೋಗದ ಮುಳ್ಳು ಒಂದೆರಡು ಸಿಕ್ಕೇ ಸಿಗುತ್ತವೆ. ಅವತ್ತೇ ಕೀಳಿ.